ತಕ್ಕಡಿಯ ಪಕ್ಕದಲ್ಲಿ ನಿಂತ ಬಂದೂಕು

(ಬೆಂಗಳೂರಿನ ಬಸವನಗುಡಿಯಲ್ಲಿ ಮಾಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಅಂದು ಸಮಯ ಸಾಲದೆ ಬಿಟ್ಟಿದ್ದ ಕೆಲವು ವಿವರಗಳನ್ನು ಸೇರಿಸಿದ್ದೇನೆ.)

ಮಾನ್ಯರೇ,

ಈ ಸಂಜೆ ಇಲ್ಲಿಗೆ ಬರುವ ದಾರಿಯಲ್ಲಿ ಗಾಂಧಿ ಬಜಾರಿನ ದಿನಸಿ ಅಂಗಡಿಯೊಂದರಲ್ಲಿ ಐವತ್ತು ಗ್ರಾಂ ಗಸಗಸೆ ಕೊಂಡು ತಂದಿದ್ದೇನೆ. ಹಬ್ಬದ ದಿನ ನಮ್ಮ ಮನೆಗಳಲ್ಲಿ ಹುರಿದು, ತೆಂಗಿನತುರಿಯ ಜೊತೆ ರುಬ್ಬಿ, ಬೆಲ್ಲ ಹಾಕಿ ಪಾಯಸ ಮಾಡುವ ಈ ಕಾಳು ಅಫೀಮಿನ ಗಿಡದ ಬೀಜ. ಅಮಲು ಇರುವುದು ಬೀಜದಲ್ಲಲ್ಲ, ಕಾಯಿಯ ಹಾಲಿನಲ್ಲಿ. ಹೂವಿನ ದಳಗಳು ಉದುರಿದ ಮೇಲೆ ಉಳಿಯುವ ಹಸಿರು ಕಾಯಿಯ ಮೈಮೇಲೆ, ಕೆಲವು ಸಣ್ಣ ಅಲಗುಗಳನ್ನು ಒಟ್ಟಿಗೆ ಕಟ್ಟಿದ ಉಪಕರಣದಿಂದ ರೈತ ಇಳಿಹೊತ್ತಿನಲ್ಲಿ ಗೀರು ಹಾಕುತ್ತಾನೆ. ರಾತ್ರಿಯಿಡೀ ಒಸರಿದ ಬಿಳಿ ಹಾಲು ಬೆಳಗಿನ ಹೊತ್ತಿಗೆ ಕಂದುಬಣ್ಣಕ್ಕೆ ತಿರುಗಿ ಅಂಟಿಕೊಂಡಿರುತ್ತದೆ. ಬಿಸಿಲೇರುವ ಮುನ್ನ ಅದನ್ನು ಕೆರೆದು ತೆಗೆಯಬೇಕು. ಒಂದೇ ಕಾಯಿಗೆ ಹೀಗೆ ಹಲವು ಬಾರಿ ಗೀರು ಬೀಳುತ್ತದೆ, ಹೊಲದಲ್ಲಿ ಕಾಯಿಗಳು ಸಾವಿರಾರು ಇರುತ್ತವೆ. ಮನೆಮಂದಿಯೆಲ್ಲ ಬಗ್ಗಿ ದುಡಿಯಬೇಕಾದ ಕೆಲಸ ಅದು.

ಮಧ್ಯಪ್ರದೇಶದ ಮಂದಸೋರ್ ಮತ್ತು ನೀಮಚ್‌ನಲ್ಲಿ, ರಾಜಸ್ಥಾನದ ಚಿತ್ತೋಡಗಢದಲ್ಲಿ ಈ ಕೆಲಸ ಕೇಂದ್ರ ಸರ್ಕಾರದ ಪರವಾನಗಿಯಡಿ ನಡೆಯುತ್ತದೆ. ಅಲ್ಲಿ ಅಫೀಮನ್ನು ತೂಗುವವರು ಸರ್ಕಾರಿ ಅಧಿಕಾರಿಗಳು. ಅದು ನೋವಿನ ಔಷಧಕ್ಕೆ ಹೋಗುತ್ತದೆ. ಅದೇ ಹಾಲು, ಅದೇ ಬಗೆಯ ಗೀರು, ಅದೇ ಬೆನ್ನುನೋವು ಅಫ್ಘಾನಿಸ್ತಾನದ ಹೆಲ್ಮಂಡ್‌ನಲ್ಲಿ 2022ರ ನಿಷೇಧದವರೆಗೂ ಇದ್ದವು, ಮ್ಯಾನ್ಮಾರಿನ ಶಾನ್ ಬೆಟ್ಟಗಳಲ್ಲಿ ಈಗಲೂ ಇವೆ. ಅಂಥ ಕಡೆ ತಕ್ಕಡಿ ಹಿಡಿಯುವವನು ವ್ಯಾಪಾರಿ, ಅವನ ಪಕ್ಕದಲ್ಲಿ ನಿಲ್ಲುವುದು ಬಂದೂಕು. ಆ ಬಂದೂಕು ಹಲವೆಡೆ, ಹಲವು ದಶಕಗಳ ಕಾಲ, ಜನರ ವಿಮೋಚನೆಗಾಗಿ ಹೋರಾಡುತ್ತೇವೆಂದು ಹೇಳಿಕೊಂಡವರ ಕೈಯಲ್ಲಿತ್ತು. ಅದು ಅಲ್ಲಿಗೆ ಹೇಗೆ ಬಂತು, ಬಂದ ಮೇಲೆ ಆ ಹೋರಾಟಕ್ಕೂ ಆ ರೈತನಿಗೂ ಏನಾಯಿತು ಎಂಬುದನ್ನು ಕುರಿತು ಇಂದು ಮಾತನಾಡುತ್ತೇನೆ.

ಮೊದಲು ಒಂದು ಎಚ್ಚರಿಕೆಯ ಮಾತು. 'ನಾರ್ಕೊ-ಗೆರಿಲ್ಲಾ' ಎಂಬ ಪದವನ್ನು 1984ರ ಸುಮಾರಿಗೆ ಪ್ರಚಾರಕ್ಕೆ ತಂದವರು ಕೊಲಂಬಿಯದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಲೂಯಿಸ್ ಟ್ಯಾಂಬ್ಸ್. ಬಂಡುಕೋರರೂ ಕೊಕೇನ್ ದೊರೆಗಳೂ ಒಂದೇ ಎಂದು ಹೇಳಿದರೆ ರಾಜಕೀಯ ಪ್ರಶ್ನೆಯನ್ನು ಪೊಲೀಸ್ ಪ್ರಶ್ನೆಯಾಗಿ ಮಾಡುವುದು ಸುಲಭವಾಗುತ್ತದೆ. ಆದರೆ ಅದೇ ಹೊತ್ತಿನಲ್ಲಿ ಕೊಲಂಬಿಯದ ಕೊಕೇನ್ ವ್ಯಾಪಾರಿಗಳು ಗೆರಿಲ್ಲಾಗಳ ವಿರುದ್ಧವೇ ಖಾಸಗಿ ಸೇನೆ ಕಟ್ಟಿದ್ದರು. 1981ರಲ್ಲಿ ಎಂ-19 ಎಂಬ ಗೆರಿಲ್ಲಾ ಗುಂಪು ಮೆಡೆಯಿನ್ ನಗರದ ಕೊಕೇನ್ ವ್ಯಾಪಾರಿಗಳಾದ ಓಚೋವಾ ಕುಟುಂಬದ ಮಗಳನ್ನು ಅಪಹರಿಸಿದಾಗ, 'ಅಪಹರಣಕಾರರಿಗೆ ಸಾವು' ಎಂಬ ಹೆಸರಿನ ಪಡೆಯನ್ನು ಹಣ ಹಾಕಿ ಕಟ್ಟಿದವರು ಅವರೇ. ಮುಂದೆ ಎಡಪಂಥೀಯರನ್ನು ಬೇಟೆಯಾಡಿದ ಬಲಪಂಥೀಯ ಅರೆಸೇನಾ ಗುಂಪುಗಳ ಒಕ್ಕೂಟದ ನಾಯಕ ಕಾರ್ಲೋಸ್ ಕಸ್ತಾನ್ಯೊ, ತಮ್ಮ ಆದಾಯದಲ್ಲಿ ಸುಮಾರು 70 ಶೇಕಡ ಮಾದಕವಸ್ತುವಿನಿಂದ ಬರುತ್ತದೆಂದು 2000ದಲ್ಲಿ ದೂರದರ್ಶನ ಸಂದರ್ಶನದಲ್ಲಿಯೇ ಒಪ್ಪಿಕೊಂಡ. ನಿಕರಾಗುವಾದ ಎಡಪಂಥೀಯ ಸರ್ಕಾರದ ವಿರುದ್ಧ ಅಮೆರಿಕ ಬೆಂಬಲಿಸಿದ ಕಾಂಟ್ರಾಗಳ ಜಾಲದಲ್ಲಿಯೂ ಮಾದಕವಸ್ತು ಸಾಗಣೆದಾರರಿದ್ದರೆಂದು ಅಮೆರಿಕದ ಸೆನೆಟ್ ಉಪಸಮಿತಿಯೇ 1989ರ ವರದಿಯಲ್ಲಿ ಬರೆಯಿತು. ಇನ್ನೂ ಹಿಂದಕ್ಕೆ ಹೋದರೆ, ಘಾಜಿಪುರ ಮತ್ತು ಪಟ್ನಾದ ಕೋಠಿಗಳಲ್ಲಿ ಅಫೀಮನ್ನು ತೂಗಿಸಿಕೊಂಡು, ರೈತರಿಗೆ ಮುಂಗಡ ಕೊಟ್ಟು ಕಟ್ಟಿಹಾಕಿ, ಚೀನಾದ ಮೇಲೆ ಯುದ್ಧ ಸಾರುವವರೆಗೂ ಹೋದದ್ದು ಈಸ್ಟ್ ಇಂಡಿಯಾ ಕಂಪನಿಯ ಕಾಲದ ಬ್ರಿಟನ್. ಆದ್ದರಿಂದ ಈ ಕಳಂಕ ಒಂದು ಸಿದ್ಧಾಂತದ ಸ್ವತ್ತಲ್ಲ. ಇಷ್ಟು ಹೇಳಿದ ಮೇಲೆ, ಎಡಪಂಥೀಯ ಗೆರಿಲ್ಲಾಗಳ ಪಾಲನ್ನು ಮುಚ್ಚಿಡುವ ಅಗತ್ಯವೂ ನನಗಿಲ್ಲ. ಜನರ ಹೆಸರಿನಲ್ಲಿ ಆಯುಧ ಹಿಡಿದವರನ್ನು ಜನರ ಪರವಾಗಿಯೇ ಪ್ರಶ್ನಿಸಬೇಕು.

ಈಗ ಕೊಲಂಬಿಯದ ದಕ್ಷಿಣಕ್ಕೆ, ಕಕೆತಾ, ಗ್ವಾವಿಯಾರೆ, ಪುತುಮಾಯೊ ಪ್ರಾಂತ್ಯಗಳಿಗೆ ಹೋಗೋಣ. ಅಮೆಜಾನ್ ಕಾಡಿನ ಅಂಚಿನ ಈ ಸೀಮೆಗೆ, ಬೇರೆಡೆ ಜಮೀನು ಕಳೆದುಕೊಂಡ ಅಥವಾ ಹಿಂಸೆಗೆ ಹೆದರಿದ ಬಡ ಕುಟುಂಬಗಳು ಬಂದು, ಮರ ಕಡಿದು ನೆಲೆಸಿದವು. ನೆಲ ಸಿಕ್ಕಿತು, ಹಕ್ಕುಪತ್ರ ಸಿಗಲಿಲ್ಲ. ಬೆಳೆ ಬಂತು, ರಸ್ತೆ ಬರಲಿಲ್ಲ. ಇದರ ಅರ್ಥವನ್ನು ಬೆಂಗಳೂರಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬೆಲೆ ಬಿದ್ದಾಗ ಕೋಲಾರದ ರೈತರು ಟೊಮೆಟೊವನ್ನು ರಸ್ತೆಗೆ ಸುರಿದುದನ್ನು ನಾವು ಕಂಡಿದ್ದೇವೆ. ಕೊಯ್ಲಿನ ಕೂಲಿ, ಕ್ರೇಟಿನ ಬಾಡಿಗೆ, ಲಾರಿ ಬಾಡಿಗೆ, ಮಂಡಿಯ ಕಮಿಷನ್ ಎಲ್ಲ ಕಳೆದರೆ ಕೈಯಿಂದಲೇ ಹಣ ಹಾಕಬೇಕಾಗುತ್ತದೆ ಎಂಬ ಲೆಕ್ಕ ಆ ಸುರಿಯುವಿಕೆಯ ಹಿಂದಿರುತ್ತದೆ. ಕೋಲಾರಕ್ಕೆ ಹೆದ್ದಾರಿ ಇದೆ, ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಅಲ್ಲಿಯೇ ಇದೆ. ಇವೆರಡೂ ಇಲ್ಲದ, ನದಿಯಲ್ಲಿ ದೋಣಿಯ ಮೇಲೆ ದಿನಗಟ್ಟಲೆ ಸಾಗಬೇಕಾದ ಊರಿನಲ್ಲಿ ಒಂದು ಮೂಟೆ ಜೋಳವೋ ಒಂದು ಗೊನೆ ಬಾಳೆಯೋ ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಏನು ಉಳಿದೀತು?

ಅಂಥ ಊರಿಗೆ 1970ರ ದಶಕದ ಕೊನೆಯಲ್ಲಿ ಕೊಕೇನಿನ ಮೂಲವಾದ ಕೋಕಾ ಗಿಡ ಬಂತು. ವರ್ಷಕ್ಕೆ ಹಲವು ಕೊಯ್ಲು ಕೊಡುವ ಪೊದೆ ಅದು. ಎಲೆ ಕೀಳುವ ಕೂಲಿಗಳನ್ನು ಅಲ್ಲಿ 'ರಾಸ್ಪಚೀನ್' ಎನ್ನುತ್ತಾರೆ. ಕೊಂಬೆಯನ್ನು ಬುಡದಿಂದ ತುದಿಗೆ ಒಂದೇ ಎಳೆತಕ್ಕೆ ಸವರಿ ಎಲೆ ಬಿಡಿಸುವುದರಿಂದ ಅಂಗೈ ಸುಲಿಯುತ್ತದೆ, ಆದ್ದರಿಂದ ಬೆರಳುಗಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ತೋಟಕ್ಕೆ ಇಳಿಯುತ್ತಾರೆ. ಸಂಜೆ ಮೂಟೆಗಳನ್ನು ತೂಗುತ್ತಾರೆ. ಅಲ್ಲಿನ ಲೆಕ್ಕ 'ಅರೋಬಾ', ಅಂದರೆ ಹನ್ನೆರಡೂವರೆ ಕಿಲೋ. ಎಲೆಯನ್ನು ತೋಟದ ಪಕ್ಕದ ಗುಡಿಸಲಿನಲ್ಲಿಯೇ ಕಚ್ಚಾ ಪೇಸ್ಟ್ ಮಾಡುತ್ತಾರೆ. ನೂರಾರು ಕಿಲೋ ಎಲೆ ಕೊನೆಗೆ ಚೀಲದಲ್ಲಿ ಹಿಡಿಸುವಷ್ಟಾಗುತ್ತದೆ. ಕೊಳೆಯುವುದಿಲ್ಲ, ಲಾರಿ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ಕೊಳ್ಳುವವನು ಕೈಯಲ್ಲಿ ನಗದು ಹಿಡಿದು, ತಕ್ಕಡಿಯನ್ನೂ ತಾನೇ ತಂದು, ಊರಿಗೇ ಬರುತ್ತಾನೆ. ಕೆಲವು ಹಳ್ಳಿಗಳಲ್ಲಿ ನೋಟಿನ ಅಭಾವವಾದಾಗ ಅಕ್ಕಿ, ಎಣ್ಣೆ, ಚಪ್ಪಲಿಗಳನ್ನು ಪೇಸ್ಟ್ ತೂಗಿಯೇ ಕೊಳ್ಳುತ್ತಿದ್ದರು. ಸರ್ಕಾರದ ನಾಣ್ಯ ತಲುಪದ ಊರಿನಲ್ಲಿ ಬೆಳೆಯೇ ನಾಣ್ಯವಾಯಿತು.

1964ರಲ್ಲಿ ರೈತರ ಸ್ವರಕ್ಷಣಾ ಗುಂಪುಗಳಿಂದ ಹುಟ್ಟಿದ, ಫಾರ್ಕ್ ಎಂಬ ಎಡಪಂಥೀಯ ಗೆರಿಲ್ಲಾ ಸಂಘಟನೆ ಆರಂಭದಲ್ಲಿ ಈ ಬೆಳೆಯನ್ನು ವಿರೋಧಿಸಿತು. ಇದು ಬಂಡವಾಳಶಾಹಿಯ ಕೊಳಕು, ಯುವಕರನ್ನು ಹಾಳುಮಾಡುತ್ತದೆ ಎಂಬುದು ಅವರ ಮೊದಲ ನಿಲುವಾಗಿತ್ತು. ಕೆಲವೆಡೆ ನಿಷೇಧವನ್ನೂ ಹೇರಿದರು. ಆದರೆ ನಿಷೇಧಿಸಿದರೆ ತಮ್ಮ ನೆಲೆಯಾದ ರೈತರೇ ದೂರವಾಗುತ್ತಾರೆಂದು ಅವರಿಗೆ ಬೇಗ ತಿಳಿಯಿತು. ಆಗ ಒಂದು ನಡುದಾರಿ ಹುಡುಕಿದರು. ರೈತ ಬೆಳೆಯಲಿ, ಆದರೆ ಜೊತೆಗೆ ಆಹಾರದ ಬೆಳೆಯನ್ನೂ ಇಡಬೇಕು. ವ್ಯಾಪಾರಿ ಬರಲಿ, ಆದರೆ ತೂಕದಲ್ಲಿ ಮೋಸ ಮಾಡಬಾರದು, ಕೂಲಿ ಉಳಿಸಿಕೊಳ್ಳಬಾರದು, ಮತ್ತು ಕೊಂಡ ಪ್ರತಿ ಕಿಲೋಗೆ ಸಂಘಟನೆಗೆ ಸುಂಕ ಕಟ್ಟಬೇಕು. ಗ್ರಾಂ ಲೆಕ್ಕದಲ್ಲಿ ವಸೂಲಾಗುವುದರಿಂದ ಅದಕ್ಕೆ 'ಗ್ರಮಾಹೆ' ಎಂಬ ಹೆಸರು ಬಂತು. 1982ರ ಏಳನೇ ಸಮ್ಮೇಳನದಲ್ಲಿ ಫಾರ್ಕ್ ತನ್ನನ್ನು 'ಜನರ ಸೇನೆ' ಎಂದು ಕರೆದುಕೊಂಡು, ದೇಶದಾದ್ಯಂತ ಹಬ್ಬುವ ಯೋಜನೆ ಹಾಕಿತು. ಸೇನೆ ಕಟ್ಟಲು ಹಣ ಬೇಕು. ಹಣ ತಕ್ಕಡಿಯ ಬಳಿ ಇತ್ತು.

ಈ ಘಟ್ಟದಲ್ಲಿ ನಿಂತು ನೋಡಿದರೆ ನನಗೆ ಆ ನಿರ್ಧಾರ ಅರ್ಥವಾಗುತ್ತದೆ, ಮತ್ತು ಅರ್ಥವಾಗುತ್ತದೆಂಬುದೇ ನನ್ನನ್ನು ಕಾಡುತ್ತದೆ. ತೂಕದಲ್ಲಿ ಹೊಡೆಯುವ ದಲ್ಲಾಳಿಯ ಮುಂದೆ ರೈತನ ಪರವಾಗಿ ಒಬ್ಬರು ನಿಂತರು, ಅದು ನ್ಯಾಯವೇ. ಪೆರುವಿನ ಮೇಲ್ ಉಯಾಗಾ ಕಣಿವೆಯಲ್ಲಿ 1980ರ ದಶಕದಲ್ಲಿ 'ಬೆಳಗುವ ಹಾದಿ' ಎಂಬ ಮಾವೋವಾದಿ ಗುಂಪೂ ಹಾಗೆಯೇ ಒಳಹೊಕ್ಕಿತು. ಒಂದು ಕಡೆ ಬೆಳೆ ಕೀಳಲು ಬರುವ ಪೊಲೀಸರು, ಇನ್ನೊಂದು ಕಡೆ ಕೊಂದೇ ಬೆಲೆ ಇಳಿಸುವ ವ್ಯಾಪಾರಿಗಳ ಬಾಡಿಗೆ ಭಟರು. ಇವರಿಬ್ಬರ ನಡುವೆ ಸಿಕ್ಕ ಬೆಳೆಗಾರನಿಗೆ ಗೆರಿಲ್ಲಾ ಮೊದಲು ರಕ್ಷಕನಾಗಿಯೇ ಕಂಡ. ಆಮೇಲೆ ಕಾಡಿನ ಪುಟ್ಟ ರನ್‌ವೇಯಲ್ಲಿ ಇಳಿಯುವ ಪ್ರತಿ ವಿಮಾನದಿಂದಲೂ ಕಪ್ಪ ವಸೂಲು ಶುರುವಾಯಿತು. ನಾಯಕ ಅಬಿಮಾಯೆಲ್ ಗುಸ್ಮಾನ್ 1992ರ ಸೆಪ್ಟೆಂಬರಿನಲ್ಲಿ ಲಿಮಾದಲ್ಲಿ ಸೆರೆಸಿಕ್ಕ ಮೇಲೆ ಸಂಘಟನೆ ಕುಸಿಯಿತು. ಉಳಿದ ತುಂಡುಗಳು ಕೋಕಾ ಬೆಳೆಯುವ ಕಣಿವೆಗಳಲ್ಲಿಯೇ ಉಳಿದವು. ಸಿದ್ಧಾಂತವನ್ನು ಕಳೆದುಕೊಂಡ ಮೇಲೂ ಅವನ್ನು ಜೀವಂತವಾಗಿಟ್ಟದ್ದು ಸಾಗಣೆಯ ಕಾವಲು ಕೂಲಿ.

ಕೊಲಂಬಿಯದಲ್ಲಿ ಆದದ್ದು ಇದಕ್ಕಿಂತ ದೊಡ್ಡದು. 1990ರ ದಶಕದ ಮಧ್ಯದಲ್ಲಿ ಪೆರುವಿನಿಂದ ಪೇಸ್ಟ್ ಸಾಗಿಸುವ ವಿಮಾನಗಳನ್ನು ತಡೆಯತೊಡಗಿದಾಗ ಅಲ್ಲಿ ಎಲೆಯ ಬೆಲೆ ಬಿದ್ದಿತು, ಬೆಳೆ ಗಡಿ ದಾಟಿ ಕೊಲಂಬಿಯಕ್ಕೆ ಬಂತು. ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಉಬ್ಬುವ ಈ ಗುಣವನ್ನು ಇಂದಿಗೂ ಯಾವ ಸರ್ಕಾರವೂ ಜಯಿಸಿಲ್ಲ. ಮೆಡೆಯಿನ್ ಮತ್ತು ಕಾಲಿ ನಗರಗಳ ಕೊಕೇನ್ ಕೂಟಗಳು ಒಡೆದಿದ್ದವು. ಮಧ್ಯವರ್ತಿಗಳು ಚಿಕ್ಕವರಾಗಿದ್ದರು, ಬಂದೂಕು ದೊಡ್ಡದಾಗಿತ್ತು. ಹಲವು ಸೀಮೆಗಳಲ್ಲಿ ಫಾರ್ಕ್ ಸುಂಕ ವಸೂಲಿಯಲ್ಲಿ ನಿಲ್ಲದೆ, ರೈತರು ತಮಗೇ ಮಾರಬೇಕೆಂದು, ತಾವು ಹೇಳಿದ ಬೆಲೆಗೇ ಮಾರಬೇಕೆಂದು ಕಟ್ಟಪ್ಪಣೆ ಮಾಡಿತು. ಪೂರ್ವದ ಕಾಡುಗಳಲ್ಲಿದ್ದ 16ನೇ ದಳ ನೇರ ವ್ಯವಹಾರಕ್ಕೇ ಇಳಿದಿತ್ತು. ಬ್ರೆಜಿಲ್‌ನ ಕುಖ್ಯಾತ ಮಾದಕವಸ್ತು ವ್ಯಾಪಾರಿ ಫೆರ್ನಾಂದಿನ್ಯೊ ಬೇರಾ-ಮಾರ್ 2001ರಲ್ಲಿ ಸೆರೆಸಿಕ್ಕದ್ದು ಆ ಸೀಮೆಯಲ್ಲಿಯೇ. 1980ರ ದಶಕದ ಆರಂಭದಲ್ಲಿ ಚಿಕ್ಕದಾಗಿದ್ದ ಈ ಪಡೆ 2000ದ ಹೊತ್ತಿಗೆ ಹದಿನೈದು ಸಾವಿರ ಮೀರಿದ ಸಶಸ್ತ್ರ ಸೇನೆಯಾಗಿತ್ತು.

ನಾನು ಇಂದು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ಗೆರಿಲ್ಲಾ ಯುದ್ಧದ ಹಳೆಯ ನಂಬಿಕೆಯಲ್ಲಿ ಹೋರಾಟಗಾರ ಊಟಕ್ಕೆ, ಆಸರೆಗೆ, ಸುದ್ದಿಗೆ ಊರನ್ನೇ ನೆಚ್ಚಿಕೊಂಡಿರುತ್ತಾನೆ. ಒಂದು ಸೇರು ಅಕ್ಕಿಗಾಗಿ ರಾತ್ರಿ ಬಾಗಿಲು ತಟ್ಟುವವನು, ಬೆಳಿಗ್ಗೆ ಅದೇ ಮನೆಯ ಮುಂದೆ ತಲೆಯೆತ್ತಿ ನಡೆಯಬೇಕಾದರೆ ಆ ಮನೆಯವರ ಒಪ್ಪಿಗೆ ಬೇಕು. ಆ ನೆಚ್ಚಿಕೆಯೇ ಅವನಿಗೆ ಕಡಿವಾಣ. ಕೋಕಾದ ಹಣ ಬಂದ ದಿನ ಈ ಕಡಿವಾಣ ಕಳಚುತ್ತದೆ. ಸೇನೆಯ ಬೂಟು, ಗುಂಡು, ರೇಡಿಯೊ ಎಲ್ಲವೂ ದೂರದ ಕೊಳ್ಳುವವನಿಂದ ಬರುವಾಗ, ಊರಿನ ಒಪ್ಪಿಗೆ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಸೈನಿಕರು ದುರಾಸೆಗೆ ಬಿದ್ದರು ಎನ್ನುವವರು ವಿಷಯವನ್ನು ತೀರ ಹಗುರ ಮಾಡುತ್ತಾರೆ. ಕಾಡಿನಲ್ಲಿ ಮಲೇರಿಯಾದಲ್ಲಿ ನರಳುತ್ತ ಮೂವತ್ತು ವರ್ಷ ಕಳೆದ ಸಾಮಾನ್ಯ ಗೆರಿಲ್ಲಾ ಶ್ರೀಮಂತನಾಗಲಿಲ್ಲ. ಬದಲಾದದ್ದು ಅವನ ಸಂಘಟನೆ ಯಾರಿಗೆ ಉತ್ತರ ಹೇಳಬೇಕು ಎಂಬುದು.

ಅದರ ಬೆಲೆಯನ್ನು ತಿಳಿಯಲು ಕೊಲಂಬಿಯದ ಬೊಹಯಾ ಎಂಬ ಊರನ್ನು ನೆನೆಯಬೇಕು. ಅತ್ರಾತೊ ನದಿಯ ದಡದ, ಆಫ್ರಿಕನ್ ಮೂಲದ ಬಡ ಮೀನುಗಾರರೂ ರೈತರೂ ಇರುವ ಊರು ಅದು. ಆಯುಧ ಮತ್ತು ಮಾದಕವಸ್ತು ಸಾಗುವ ಹಾದಿಯಾದ ಆ ನದಿಯ ಹಿಡಿತಕ್ಕಾಗಿ ಫಾರ್ಕ್ ಮತ್ತು ಅರೆಸೇನಾ ಗುಂಪಿನ ನಡುವೆ ಕಾಳಗ ನಡೆದಾಗ, ಜನ ಚರ್ಚಿನೊಳಗೆ ಸೇರಿಕೊಂಡರು. 2002ರ ಮೇ 2ರಂದು ಫಾರ್ಕ್ ಎಸೆದ ಗ್ಯಾಸ್ ಸಿಲಿಂಡರ್ ಬಾಂಬು ಆ ಚರ್ಚಿನ ಚಾವಣಿ ತೂರಿ ಬಿತ್ತು. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. ಆ ಊರಿಗಿಂತ ಆ ನದಿ ಮುಖ್ಯವಾಗಿತ್ತು.

ಬರ್ಮಾದ, ಅಂದರೆ ಇಂದಿನ ಮ್ಯಾನ್ಮಾರಿನ, ಕತೆಯಲ್ಲಿ ಇದೇ ತಿರುವು ಬೇರೆ ಬಾಗಿಲಿನಿಂದ ಬರುತ್ತದೆ. ಚೀನಾದ ಗಡಿಯ ವಾ ಮತ್ತು ಕೊಕಾಂಗ್ ಬೆಟ್ಟಗಳಲ್ಲಿದ್ದ ಬರ್ಮಾ ಕಮ್ಯುನಿಸ್ಟ್ ಪಕ್ಷ ಬಹುಕಾಲ ಚೀನಾದ ನೆರವಿನಿಂದ ಬದುಕಿತ್ತು. ಮಾವೋ ನಂತರದ ಚೀನಾ ಆ ನೆರವನ್ನು ಕಡಿತಗೊಳಿಸಿದಾಗ, ತಮ್ಮ ಹಿಡಿತದ ಬೆಟ್ಟಗಳಲ್ಲಿ ಹೇರಳವಾಗಿದ್ದ ಅಫೀಮಿನ ಮೇಲೆ ಪಕ್ಷ ವಾಲಿತು. ಮೇಲೆ ಕುಳಿತ ವಯಸ್ಸಾದ ನಾಯಕರು ಬರ್ಮನ್ನರು, ಕೆಳಗೆ ಸಾಯುತ್ತಿದ್ದ ಸೈನಿಕರು ವಾ ಬುಡಕಟ್ಟಿನವರು. 1989ರ ಮಾರ್ಚ್‌ನಲ್ಲಿ ಕೊಕಾಂಗ್‌ನಲ್ಲಿ ದಂಗೆಯೆದ್ದಿತು. ಏಪ್ರಿಲ್‌ನಲ್ಲಿ ವಾ ಸೈನಿಕರು ಪಾಂಗ್‌ಸಾಂಗ್‌ನ ಪಕ್ಷದ ಕೇಂದ್ರಕ್ಕೇ ನುಗ್ಗಿದರು, ನಾಯಕರು ನದಿ ದಾಟಿ ಚೀನಾಕ್ಕೆ ಓಡಿದರು. ಒಡೆದ ತುಂಡುಗಳೊಂದಿಗೆ ಬರ್ಮಾ ಸೇನೆ ಬೇಗನೆ ಕದನವಿರಾಮ ಮಾಡಿಕೊಂಡಿತು: ನೀವು ನಮ್ಮ ಮೇಲೆ ಗುಂಡು ಹಾರಿಸಬೇಡಿ, ನಿಮ್ಮ ವ್ಯಾಪಾರದಲ್ಲಿ ನಾವು ಕೈಹಾಕುವುದಿಲ್ಲ. ವಾ ನಾಯಕರು 2005ರಲ್ಲಿ ತಮ್ಮ ಸೀಮೆಯಲ್ಲಿ ಅಫೀಮು ನಿಷೇಧಿಸಿದರು, ಆದರೆ ಹೊಲವೇ ಬೇಡದ, ರಾಸಾಯನಿಕಗಳಿಂದ ತಯಾರಿಸುವ ಮೆಥಾಂಫೆಟಮೈನ್ ಎಂಬ ಮಾದಕವಸ್ತು ಆಗಲೇ ಶಾನ್ ಬೆಟ್ಟಗಳಲ್ಲಿ ಬೇರೂರಿತ್ತು. 2021ರ ಸೇನಾದಂಗೆಯ ಬಳಿಕ ದೇಶ ಮತ್ತೆ ಯುದ್ಧಕ್ಕೆ ಬಿದ್ದಿತು, ಗಸಗಸೆ ಗಿಡ ಮತ್ತೆ ಹಬ್ಬಿತು. 2023ರಲ್ಲಿ ಅಂದಾಜು 1,080 ಟನ್ ಅಫೀಮಿನೊಂದಿಗೆ ಮ್ಯಾನ್ಮಾರ್ ಜಗತ್ತಿನಲ್ಲಿಯೇ ಮೊದಲ ಸ್ಥಾನಕ್ಕೆ ಬಂತು.

ಮೊದಲ ಸ್ಥಾನ ತೆರವಾದದ್ದು ಅಫ್ಘಾನಿಸ್ತಾನದ ಕಾರಣದಿಂದ. ತಾಲಿಬಾನ್ ಈ ಬೆಳೆಯನ್ನು ಎರಡು ಬಾರಿ ನಿಷೇಧಿಸಿದೆ, ಎರಡು ಬಾರಿಯೂ ಅಧಿಕಾರದಲ್ಲಿದ್ದಾಗ. 2000ದ ನಿಷೇಧದ ಬಳಿಕ ಬೆಳೆ ಸುಮಾರು 82 ಸಾವಿರ ಹೆಕ್ಟೇರಿನಿಂದ 8 ಸಾವಿರಕ್ಕೆ ಇಳಿಯಿತು. ಅಧಿಕಾರ ಕಳೆದುಕೊಂಡು ಬಂಡುಕೋರರಾದ ಇಪ್ಪತ್ತು ವರ್ಷಗಳಲ್ಲಿ ಅದೇ ತಾಲಿಬಾನ್ ಹೊಲದಲ್ಲಿ 'ಉಶ್ರ್' ಎಂಬ ಹತ್ತರಲ್ಲೊಂದು ಪಾಲಿನ ಹೆಸರಿನಲ್ಲಿ, ರಸ್ತೆಯಲ್ಲಿ ಸುಂಕದ ಹೆಸರಿನಲ್ಲಿ ಅಫೀಮಿನಿಂದ ಹಣ ಎತ್ತಿತು. 2017ರಲ್ಲಿ ಬೆಳೆ 3,28,000 ಹೆಕ್ಟೇರ್ ಮುಟ್ಟಿತು. ಅಂದಿನ ಸರ್ಕಾರದ ಪರ ನಿಂತಿದ್ದ ಸ್ಥಳೀಯ ಬಲಾಢ್ಯರು ಪಡೆದ ಪಾಲೂ ಸಣ್ಣದಲ್ಲ. 2021ರಲ್ಲಿ ಕಾಬೂಲ್ ಹಿಡಿದ ತಾಲಿಬಾನ್ 2022ರ ಏಪ್ರಿಲ್‌ನಲ್ಲಿ ಮತ್ತೆ ನಿಷೇಧಿಸಿತು, 2023ರಲ್ಲಿ ಬೆಳೆ 95 ಶೇಕಡ ಕುಸಿದು 10,800 ಹೆಕ್ಟೇರಿಗೆ ಬಂತು. ಅಂದರೆ ಬಂದೂಕಿಗೆ ಬೆಳೆಯನ್ನು ನಿಲ್ಲಿಸುವ ಶಕ್ತಿ ಸದಾ ಇತ್ತು. ಹಣ ಬೇಕಾಗಿದ್ದ ಕಾಲದಲ್ಲಿ ಮನಸ್ಸಿರಲಿಲ್ಲ. ಅಲ್ಲಿನ ರೈತನಿಗೆ 'ಸಲಾಮ್' ಎಂಬ ಪದ್ಧತಿಯಲ್ಲಿ ವ್ಯಾಪಾರಿ ಚಳಿಗಾಲದಲ್ಲೇ ಮುಂಗಡ ಕೊಟ್ಟಿರುತ್ತಾನೆ, ಬರಲಿರುವ ಅಫೀಮಿನ ಲೆಕ್ಕದಲ್ಲಿ. ನಿಷೇಧದಿಂದ ಬೆಲೆ ಏರಿದಾಗ ದಾಸ್ತಾನು ಇಟ್ಟುಕೊಂಡವನು ಗೆಲ್ಲುತ್ತಾನೆ, ಅಫೀಮಿನಲ್ಲಿ ಸಾಲ ತೀರಿಸಬೇಕಾದವನು ಮುಳುಗುತ್ತಾನೆ. ಸಾಲಕ್ಕೆ ಬದಲಾಗಿ ಹೆಣ್ಣುಮಕ್ಕಳನ್ನು ವ್ಯಾಪಾರಿಯ ಮನೆಗೆ ಮದುವೆ ಮಾಡಿಕೊಟ್ಟ ಕುಟುಂಬಗಳಿವೆ. ಬೆಲೆಯ ಪಟ್ಟಿಯಲ್ಲಿ ಈ ಮಕ್ಕಳು ಎಲ್ಲಿಯೂ ಕಾಣುವುದಿಲ್ಲ.

ಇದಕ್ಕೆ ತಿರುಗುಮುರುಗಾದ ದಾರಿಯೊಂದನ್ನು ಕನ್ನಡಿಗರು ಹತ್ತಿರದಿಂದ ಕಂಡಿದ್ದೇವೆ. ವೀರಪ್ಪನ್ ಗೆರಿಲ್ಲಾ ಅಲ್ಲ. ದಂತ ಮತ್ತು ಶ್ರೀಗಂಧದ ಕಳ್ಳಸಾಗಣೆಗಾರ, ಕೊಲೆಗಾರ. ಆದರೆ 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಡಾ. ರಾಜಕುಮಾರ್ ಅವರನ್ನು ಕರೆದೊಯ್ದ ಮೇಲೆ ಕಾಡಿನಿಂದ ಬಂದ ಕ್ಯಾಸೆಟ್‌ಗಳಲ್ಲಿ ಇದ್ದದ್ದು ರಾಜಕೀಯ ಬೇಡಿಕೆಗಳು: ಕಾವೇರಿ, ಭಾಷೆ, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಟಾಡಾ ಎಂಬ ಭಯೋತ್ಪಾದನಾ ನಿಗ್ರಹ ಕಾಯ್ದೆಯಡಿಯ ಬಂದಿಗಳ ಬಿಡುಗಡೆ. ತಮಿಳು ರಾಷ್ಟ್ರವಾದಿ ಸಶಸ್ತ್ರ ಗುಂಪಿನವರು ಅವನ ಜೊತೆ ಸೇರಿದ್ದರು. ಆ 108 ದಿನ ಈ ನಗರ ಹೇಗಿತ್ತೆಂಬುದು ಇಲ್ಲಿ ಕುಳಿತಿರುವ ಹಿರಿಯರಿಗೆ ನೆನಪಿದೆ. ಬಾಗಿಲು ಹಾಕಿದ ಅಂಗಡಿಗಳು, ನಿಂತ ಬಸ್ಸುಗಳು, ರೇಡಿಯೊ ಸುತ್ತ ಕೂತ ಮನೆಗಳು. ಕೊಲಂಬಿಯದಲ್ಲಿ ಸಿದ್ಧಾಂತ ಸಾಗಣೆಯ ಹಣವನ್ನು ಹುಡುಕಿಕೊಂಡು ಹೋಯಿತು, ಇಲ್ಲಿ ಸಾಗಣೆ ಒಂದು ಸಿದ್ಧಾಂತದ ಮಾತನ್ನು ಹುಡುಕಿಕೊಂಡು ಬಂತು. ಎರಡು ಕಡೆಯೂ ಕಾಡಿನ ಅಂಚಿನ ಹಳ್ಳಿಯವರು ಪೊಲೀಸರ ಮತ್ತು ಬಂದೂಕಿನ ನಡುವೆ ಸಿಕ್ಕಿಕೊಂಡರು. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಸೋಲಿಗರು ಆ ವರ್ಷಗಳಲ್ಲಿ ಅನುಭವಿಸಿದ್ದನ್ನು ನಾವು ಇನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ.

ನಮ್ಮ ದೇಶದ ಮಾವೋವಾದಿಗಳ ಆದಾಯದ ಹಳೆಯ ಮೂಲ ಬೀಡಿ ಎಲೆ. 1980ರ ದಶಕದಲ್ಲಿ ದಂಡಕಾರಣ್ಯದಲ್ಲಿ ಎಲೆಯ ಕಟ್ಟಿಗೆ ಗುತ್ತಿಗೆದಾರರು ಕೊಡುತ್ತಿದ್ದ ಪುಡಿಗಾಸನ್ನು ಹೆಚ್ಚಿಸಲು ಹೋರಾಡಿ ಅವರು ಆದಿವಾಸಿಗಳ ವಿಶ್ವಾಸ ಗಳಿಸಿದರು. ಆಮೇಲೆ ಅದೇ ಗುತ್ತಿಗೆದಾರರಿಂದ ವಂತಿಗೆ ಎತ್ತಿದರು. ಕೋಕಾದ ತಕ್ಕಡಿಯ ಕತೆಗೂ ಇದಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಜಾರ್ಖಂಡಿನ ಖೂಂಟಿ, ಚತ್ರಾ ಜಿಲ್ಲೆಗಳ ಒಳನಾಡಿನಲ್ಲಿ ಅಕ್ರಮ ಗಸಗಸೆ ಹೊಲಗಳು, ಆಂಧ್ರ-ಒಡಿಶಾ ಗಡಿಯ ಬೆಟ್ಟಗಳಲ್ಲಿ ಗಾಂಜಾ ತೋಟಗಳು ಹಬ್ಬಿದಾಗ, ಅಲ್ಲಿಯೂ ಮಾವೋವಾದಿಗಳು ವ್ಯಾಪಾರಿಗಳಿಂದ ಪಾಲು ಪಡೆಯುತ್ತಾರೆಂದು ಪೊಲೀಸರು ಹೇಳುತ್ತ ಬಂದಿದ್ದಾರೆ. ಇಲ್ಲಿನ ಗಾತ್ರವನ್ನು ಕೊಲಂಬಿಯದ ಗಾತ್ರಕ್ಕೆ ಹೋಲಿಸುವುದು ತಪ್ಪು. ಇನ್ನೊಂದು ತಪ್ಪು ಮಣಿಪುರದಲ್ಲಿ ಆಗಿದೆ. ಗುಡ್ಡಗಾಡಿನ ಗಸಗಸೆ ಬೆಳೆ ಮತ್ತು ಗಡಿಯಾಚೆಯ ಸಾಗಣೆ ನಿಜವಾದ ಸಮಸ್ಯೆಗಳೇ. ಆದರೆ 2023ರ ಮೇ 3ರಂದು ಹೊತ್ತಿಕೊಂಡ ಹಿಂಸೆಯ ಹೊತ್ತಿನಲ್ಲಿ 'ನಾರ್ಕೊ-ಭಯೋತ್ಪಾದಕ' ಎಂಬ ಮಾತು ಕೆಲವರ ಅಪರಾಧದ ಹೆಸರಾಗಿ ಉಳಿಯದೆ ಒಂದು ಇಡೀ ಸಮುದಾಯದ ಮೇಲೆ ಅಂಟಿಸುವ ಹಣೆಪಟ್ಟಿಯಾಯಿತು. ಟ್ಯಾಂಬ್ಸ್ ಅವರ ಪದಕ್ಕೆ ನಲವತ್ತು ವರ್ಷಗಳ ಬಳಿಕವೂ ಅದೇ ಕೆಲಸ.

ಒಡಿಶಾದ ಮಲ್ಕಾನ್‌ಗಿರಿ ಜಿಲ್ಲೆಯ ಒಂದು ಭಾಗವನ್ನು ಜನ 'ಕಟ್-ಆಫ್' ಪ್ರದೇಶವೆನ್ನುತ್ತಿದ್ದರು. ಬಲಿಮೇಲಾ ಜಲಾಶಯದ ನೀರು ನಿಂತಾಗ 151 ಹಳ್ಳಿಗಳು ಹೊರಜಗತ್ತಿನಿಂದ ಕಡಿದುಹೋದವು. ಆಸ್ಪತ್ರೆಗೂ ಸಂತೆಗೂ ದೋಣಿಯೇ ಗತಿ. ಮಾವೋವಾದಿಗಳ ಭದ್ರ ನೆಲೆಯೂ, ಗಾಂಜಾದ ಬೀಡೂ ಅದೇ ಆಯಿತು. ಅಲ್ಲಿಗೆ ಗುರುಪ್ರಿಯ ಸೇತುವೆ ಬಂದದ್ದು 2018ರ ಜುಲೈನಲ್ಲಿ. ಅಣೆಕಟ್ಟು ಕಟ್ಟಿ ದಶಕಗಳಾದ ಮೇಲೆ ಒಂದು ಸೇತುವೆ! ಅರಿಸಿನವೋ ರಾಗಿಯೋ ಮಾರುಕಟ್ಟೆಗೆ ಹೋಗಲು ದಾರಿಯಿಲ್ಲದ ಆ ದಶಕಗಳಲ್ಲಿ, ಹೆಗಲ ಮೇಲೆ ಹೊತ್ತು ಕಾಡುದಾರಿಯಲ್ಲಿ ಸಾಗಿಸಬಹುದಾದ ಬೆಳೆ ಒಂದೇ ಇತ್ತು. ಸೇತುವೆ ಬಂದ ಮೇಲೆ ಬಂಡುಕೋರರ ಹಿಡಿತ ಸಡಿಲವಾಯಿತು. ಗಾಂಜಾ ಮಾತ್ರ ಅಷ್ಟು ಸುಲಭಕ್ಕೆ ಹೋಗಲಿಲ್ಲ, ಏಕೆಂದರೆ ಅದನ್ನು ಕೊಳ್ಳುವವರು ಸೇತುವೆಯ ಈಚೆಗೆ, ನಮ್ಮಂಥ ನಗರಗಳಲ್ಲಿದ್ದಾರೆ.

ಕೊಲಂಬಿಯದ ಶಾಂತಿ ಒಪ್ಪಂದ ಇದೇ ಜಾಗದಲ್ಲಿ ಎಡವಿತು. ಹವಾನಾದಲ್ಲಿ ನಾಲ್ಕು ವರ್ಷ ಮಾತುಕತೆ ನಡೆದು, 2016ರ ಅಕ್ಟೋಬರ್ 2ರ ಜನಮತಗಣನೆಯಲ್ಲಿ ಅರ್ಧ ಶೇಕಡಕ್ಕೂ ಕಡಿಮೆ ಅಂತರದಿಂದ ಸೋತು, ತಿದ್ದುಪಡಿಯೊಂದಿಗೆ ನವೆಂಬರಿನಲ್ಲಿ ಸಹಿಯಾದ ಆ ಒಪ್ಪಂದದ ನಾಲ್ಕನೇ ಅಂಶ ಮಾದಕವಸ್ತುವಿನ ಸಮಸ್ಯೆಯದ್ದೇ. ಸುಮಾರು 99 ಸಾವಿರ ಕುಟುಂಬಗಳು ಕೋಕಾ ಕಿತ್ತು ಬೇರೆ ಬೆಳೆ ಇಡುವ ಯೋಜನೆಗೆ ಹೆಸರು ಕೊಟ್ಟವು. ಬಹುಪಾಲು ಕುಟುಂಬಗಳು ಮಾತಿನಂತೆ ಗಿಡ ಕಿತ್ತವು. ಹಣಸಹಾಯದ ಕಂತುಗಳು ತಡವಾದವು, ಬದಲಿ ಬೆಳೆಯ ನೆರವು ಇನ್ನೂ ತಡವಾಯಿತು, ರಸ್ತೆ ಬರಲಿಲ್ಲ. ಫಾರ್ಕ್ ಬಿಟ್ಟುಹೋದ ಜಾಗಕ್ಕೆ ಸರ್ಕಾರ ಬರುವ ಮುನ್ನ ಇ.ಎಲ್.ಎನ್. ಎಂಬ ಇನ್ನೊಂದು ಗೆರಿಲ್ಲಾ ಪಡೆ, ಫಾರ್ಕ್‌ನಿಂದ ಸಿಡಿದ ಗುಂಪುಗಳು, ಅರೆಸೇನೆಯ ಉತ್ತರಾಧಿಕಾರಿಗಳು ಬಂದರು. ಬೆಳೆ ಬದಲಿಸೋಣ ಎಂದು ಊರಲ್ಲಿ ಸಭೆ ಕರೆದ ರೈತ ಮುಖಂಡರನ್ನು ಗುರುತಿಟ್ಟು ಕೊಂದರು. ಕೋಕಾದ ವಿಸ್ತೀರ್ಣ ಒಪ್ಪಂದಕ್ಕೆ ಮುನ್ನವೇ ಏರತೊಡಗಿತ್ತು. 2013ರಲ್ಲಿ 48 ಸಾವಿರ ಹೆಕ್ಟೇರ್ ಇದ್ದದ್ದು 2023ರಲ್ಲಿ 2,53,000 ಹೆಕ್ಟೇರ್ ಆಯಿತು. 2025ರ ಜನವರಿಯಲ್ಲಿ ಕತತುಂಬೊ ಸೀಮೆಯಲ್ಲಿ ಎರಡು ಗುಂಪುಗಳ ಕಾಳಗದಿಂದ ಕೆಲವೇ ವಾರಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟು ಓಡಿದರು. ಆಯುಧಗಳನ್ನು ವಿಶ್ವಸಂಸ್ಥೆಯ ಮುಂದೆ ಒಪ್ಪಿಸುವುದು ಸಾಧ್ಯವಾಯಿತು. ತಕ್ಕಡಿಯ ಪಕ್ಕದ ಜಾಗವನ್ನು ತುಂಬುವುದು ಸಾಧ್ಯವಾಗಲಿಲ್ಲ.

ಉಪನ್ಯಾಸದ ಬಳಿಕ ಒಬ್ಬ ವಿದ್ಯಾರ್ಥಿನಿ, ಇಷ್ಟು ದೂರದ ಸಂಗತಿಗೂ ಬೆಂಗಳೂರಿಗೂ ಏನು ಸಂಬಂಧವೆಂದು ಕೇಳಿದರು. ನಾನು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಕೆಲವು ವರ್ಷಗಳ ಹಿಂದೆ ವಕೀಲ ಮಿತ್ರರೊಬ್ಬರ ಜೊತೆ ಈ ನಗರದ ಒಂದು ನ್ಯಾಯಾಲಯಕ್ಕೆ ಹೋಗಿದ್ದೆ. ಕಟಕಟೆಯಲ್ಲಿ ಇಪ್ಪತ್ತು ದಾಟಿರದಂತೆ ಕಾಣುವ ಹುಡುಗನೊಬ್ಬ ನಿಂತಿದ್ದ, ಮಲ್ಕಾನ್‌ಗಿರಿಯ ಕಡೆಯವನು. ಕನ್ನಡ ಬಾರದು, ಹಿಂದಿ ಅಷ್ಟಕ್ಕಷ್ಟೆ. ರೈಲಿನಲ್ಲಿ ಎರಡು ಚೀಲಗಳೊಂದಿಗೆ ಸಿಕ್ಕಿಬಿದ್ದಿದ್ದ. ಕಂದು ಟೇಪು ಸುತ್ತಿದ, ಇಟ್ಟಿಗೆಯಂತೆ ಒತ್ತಿದ ಗಾಂಜಾದ ಕಟ್ಟುಗಳು. ಮಹಜರಿನಲ್ಲಿ ಬರೆದಿದ್ದ ತೂಕ 22 ಕಿಲೋ. ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ 20 ಕಿಲೋ ಮೀರಿದರೆ ಅದು ವಾಣಿಜ್ಯ ಪ್ರಮಾಣ. ಶಿಕ್ಷೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲ, ಇಪ್ಪತ್ತರವರೆಗೂ ಹೋಗಬಹುದು, ಜಾಮೀನು ಬಹಳ ಕಷ್ಟ. ಚೀಲ ಹೊತ್ತು ತಂದರೆ ಕೆಲವು ಸಾವಿರ ರೂಪಾಯಿ ಕೊಡುತ್ತೇವೆಂದು ಅವನಿಗೆ ಯಾರೋ ಹೇಳಿದ್ದರು. ಒಳಗೆ ಎಷ್ಟಿದೆ ಎಂದು ತೂಗಿ ನೋಡಿದವನು ಅವನಲ್ಲ.

ಅವನ ಮಾತು ಬಲ್ಲ ದುಭಾಷಿ ಅಂದು ಸಿಕ್ಕಿರಲಿಲ್ಲ. ಕಳಿಸಿದವರು ಯಾರು ಎಂಬ ಪ್ರಶ್ನೆಗೆ ಅವನು ತನ್ನ ಊರಿನ ಹೆಸರನ್ನು ಎರಡು ಬಾರಿ ಹೇಳಿದ. ಗುಮಾಸ್ತರು ಮುಂದಿನ ತಾರೀಖನ್ನು ಕಡತದಲ್ಲಿ ಬರೆದುಕೊಂಡರು.